ಸೊನ್ನೆಯೂ ಒಂದು ರೀಡಿಂಗು

ಲ್ಯಾಬ್‌ನಲ್ಲಿ ರೀಡಿಂಗ್ ಸರಿ ಬಾರದಿದ್ದರೆ ನೀವೇನು ಮಾಡುತ್ತೀರಿ? ನಿಜ ಹೇಳಿ, ನಾನು ಯಾರಿಗೂ ಹೇಳುವುದಿಲ್ಲ. ನಾನಂತೂ ಎರಡೂವರೆ ವರ್ಷ ಒಂದೇ ಕೆಲಸ ಮಾಡಿದೆ. ಸೀನಿಯರ್‌ಗಳ ರೆಕಾರ್ಡ್ ಪುಸ್ತಕ ತೆರೆದು, ಗ್ರಾಫ್ ಹೇಗೆ ಬರಬೇಕೋ ಮೊದಲು ನೋಡಿಕೊಂಡು, ಅದಕ್ಕೆ ತಕ್ಕಂತೆ ಟೇಬಲ್ ತುಂಬಿದೆ. ಆಂಪ್ಲಿಫೈಯರ್‌ನ ಗೇನ್ ನಮ್ಮ ಬ್ರೆಡ್‌ಬೋರ್ಡಿನಲ್ಲಿ ಒಮ್ಮೆಯೂ ಸರಿ ಬರಲಿಲ್ಲ, ರೆಕಾರ್ಡಿನಲ್ಲಿ ಒಮ್ಮೆಯೂ ತಪ್ಪಲಿಲ್ಲ. ಇಡೀ ಬ್ಯಾಚಿನ ಗ್ರಾಫುಗಳು ಅವಳಿ ಮಕ್ಕಳಂತೆ ಇರುತ್ತಿದ್ದವು.

ಈ ಚಾಳಿ ಬಿಡಿಸಿದ್ದು ಯಾವ ಲೆಕ್ಚರರೂ ಅಲ್ಲ. ಅಮೆರಿಕದ ಒಂದು ಹಳ್ಳಿಗಾಡಿನ ಕೌಂಟಿಯಲ್ಲಿ, ರಾತ್ರಿ ಹೊತ್ತು ರಸ್ತೆ ಬದಿಯ ಹೊಂಡಗಳಲ್ಲಿ ಕೂಗುವ, ಕೆಲವೊಮ್ಮೆ ಕೂಗದೇ ಇರುವ ಕಪ್ಪೆಗಳು.

ಬಾಣಂತನಕ್ಕೆ ಹೋದವನು

ನಾನು ಇ ಆ್ಯಂಡ್ ಸಿ ಮೂರನೇ ವರ್ಷದ ವಿದ್ಯಾರ್ಥಿ. ಊರು ಚನ್ನಗಿರಿ ತಾಲ್ಲೂಕಿನ ಒಂದು ಹಳ್ಳಿ, ಮನೆಯಲ್ಲಿ ಅಡಿಕೆ ತೋಟ. ಅಕ್ಕ ಮದುವೆಯಾಗಿ ಹೋಗಿರುವುದು ಇಲಿನಾಯ್ ರಾಜ್ಯಕ್ಕೆ. ಇಲಿನಾಯ್ ಅಂದರೆ ನಾವೆಲ್ಲ ಷಿಕಾಗೊ ಅಂದುಕೊಳ್ಳುತ್ತೇವೆ. ಅಕ್ಕನ ಮನೆ ಷಿಕಾಗೊದಿಂದ ಕಾರಿನಲ್ಲಿ ಐದೂವರೆ ಗಂಟೆ ದೂರ, ರಾಜ್ಯದ ದಕ್ಷಿಣ ತುದಿಯ ಯೂನಿಯನ್ ಕೌಂಟಿಯಲ್ಲಿ. ಈ ಫೆಬ್ರುವರಿ ಕೊನೆಯಲ್ಲಿ ಅಕ್ಕನಿಗೆ ಹೆರಿಗೆಯಾಯಿತು. ಬಾಣಂತನ ಮಾಡಲು ಅಮ್ಮ ಹೊರಡಬೇಕು, ಆದರೆ ಒಬ್ಬಳೇ ವಿಮಾನ ಹತ್ತಲು ಭಯ. ಅಪ್ಪನಿಗೆ ತೋಟ ಬಿಟ್ಟು ಬರಲಾಗದು. ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಮನೆಯಲ್ಲಿ ಬಿದ್ದುಕೊಂಡಿದ್ದ ನನ್ನನ್ನು ಜೊತೆಗೆ ಕಳಿಸಿದರು. ಹೀಗೆ ಮಾರ್ಚ್ ಮೊದಲ ವಾರದಿಂದ ಏಪ್ರಿಲ್ ಎರಡನೇ ವಾರದವರೆಗೆ ನಾನು ಅಲ್ಲಿದ್ದೆ. ತಪ್ಪಿದ ತರಗತಿಗಳಿಗೂ ಶೇ 85ರ ಅಟೆಂಡೆನ್ಸಿಗೂ ಈಗ ಅನುಭವಿಸುತ್ತಿದ್ದೇನೆ, ಅದು ಬೇರೆ ಕತೆ.

ಕೌಂಟಿ ಅಂದರೆ ನಮ್ಮ ತಾಲ್ಲೂಕಿಗೂ ಜಿಲ್ಲೆಗೂ ನಡುವಿನದು ಅಂದುಕೊಳ್ಳಿ. ಇಲಿನಾಯ್‌ನಲ್ಲಿ ಇಂಥವು 102 ಇವೆ. ಯೂನಿಯನ್ ಕೌಂಟಿಯ ವಿಸ್ತೀರ್ಣ ಸಾವಿರ ಚದರ ಕಿಲೊಮೀಟರಿಗೂ ತುಸು ಹೆಚ್ಚು, ಜನಸಂಖ್ಯೆ ಸುಮಾರು 17 ಸಾವಿರ. ನಮ್ಮಲ್ಲಿ ಒಂದು ಹೋಬಳಿಯಲ್ಲೇ ಅಷ್ಟು ಜನ ಸಿಗುತ್ತಾರೆ. ಪಶ್ಚಿಮಕ್ಕೆ ಮಿಸಿಸಿಪಿ ನದಿ, ನಡುವೆ ಗುಡ್ಡ, ಕಾಡು, ಸೇಬು ಮತ್ತು ಪೀಚ್ ತೋಟಗಳು. ಸಂಜೆಯಾದರೆ ರಸ್ತೆಯಲ್ಲಿ ನರಪಿಳ್ಳೆಯೂ ಇರುವುದಿಲ್ಲ.

ಮೊದಲ ವಾರ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಮನೆಯೊಳಗೆ ಅಮ್ಮನ ಎಣ್ಣೆ ನೀರು, ಖಾರದ ಸಾರು, ಪಾಪುವಿನ ಅಳು. ಅಮ್ಮ ಸಾಂಬ್ರಾಣಿ ಹೊಗೆ ಹಾಕಿದ ದಿನ ಚಾವಣಿಯ ಸ್ಮೋಕ್ ಅಲಾರ್ಮ್ ಬಡಿದುಕೊಂಡು, ಪಕ್ಕದ ಮನೆಯ ಹಿರಿಯರು ಓಡಿ ಬಂದರು. ಬೆಂಕಿ ಎಲ್ಲಿ ಎಂದು ನೋಡಲು ಬಂದವರು ಪಾಪುವನ್ನು ನೋಡಿ ಖುಷಿಪಟ್ಟು ಹೋದರು. ಎಪ್ಪತ್ತು ದಾಟಿದ ನಿವೃತ್ತ ಶಾಲಾ ಮೇಷ್ಟರು. ತಮ್ಮನ್ನು ಹೆಸರು ಹಿಡಿದೇ ಕರೆ ಎಂದರು. ನನ್ನ ಬಾಯಿಗೆ ಅದು ಬರಲಿಲ್ಲ, ‘ಸರ್’ ಎಂದೇ ಕರೆದೆ. ಅಮ್ಮನಂತೂ ಮೊದಲ ದಿನದಿಂದಲೇ ‘ಮೇಷ್ಟ್ರು’ ಎಂದಳು. ಇಲ್ಲೂ ಹಾಗೇ ಕರೆಯುತ್ತೇನೆ.

ಆ ರಾತ್ರಿ ಬಾಗಿಲವರೆಗೆ ಅವರನ್ನು ಬಿಡಲು ಹೋದಾಗ ಕೇಳಿದೆ, ‘ಇಲ್ಲಿ ಹತ್ತಿರದಲ್ಲಿ ಯಾವುದಾದರೂ ಮಷೀನ್ ಓಡುತ್ತಾ ಸರ್?’ ಸಂಜೆಯಿಂದ ಗೆಜ್ಜೆ ಕಟ್ಟಿದ ಸಾವಿರ ಕಾಲು ಒಟ್ಟಿಗೆ ಅಲುಗಿದಂತೆ ಒಂದು ಸದ್ದು ಬರುತ್ತಲೇ ಇತ್ತು. ಅವರು ನಕ್ಕರು. ‘ನಾಳೆ ಸಂಜೆ ಬಾ, ಮಷೀನ್ ತೋರಿಸ್ತೀನಿ’ ಎಂದರು.

ಮೂರು ನಿಮಿಷ ಸುಮ್ಮನಿರುವುದು

ಆ ಮಷೀನಿನ ಹೆಸರು ಸ್ಪ್ರಿಂಗ್ ಪೀಪರ್. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಒಂದು ಇಂಚಿನ ಕಪ್ಪೆ. ಬೆನ್ನ ಮೇಲೆ ಗುಣಿಸು ಚಿಹ್ನೆಯಂಥ ಗುರುತು. ಚಳಿಗಾಲದಲ್ಲಿ ಎಲೆಗಳ ಅಡಿ ಮೈಯೊಳಗಿನ ನೀರಿನ ಒಂದು ಪಾಲು ಹೆಪ್ಪುಗಟ್ಟಿದರೂ ಸಾಯುವುದಿಲ್ಲ. ರಕ್ತದಲ್ಲಿ ಗ್ಲೂಕೋಸ್ ತುಂಬಿಕೊಂಡು ಜೀವಕೋಶಗಳನ್ನು ಕಾಪಾಡಿಕೊಳ್ಳುತ್ತದೆ. ಹಿಮ ಕರಗಿದ ಕೂಡಲೇ ಎದ್ದು ಹೊಂಡಕ್ಕೆ ಬಂದು ಹೆಣ್ಣನ್ನು ಕರೆಯುತ್ತದೆ. ಇಂಥ ಸಾವಿರಾರು ಸೇರಿದರೆ ಕಿವಿ ಗುಂಯ್ಗುಡುತ್ತದೆ.

ಮೇಷ್ಟರು ಹತ್ತಿಪ್ಪತ್ತು ವರ್ಷದಿಂದ ಒಂದು ಕೆಲಸ ಮಾಡಿಕೊಂಡು ಬಂದಿದ್ದಾರೆ. ಮಾರ್ಚಿನಿಂದ ಜುಲೈವರೆಗೆ, ಒಂದೇ ದಾರಿಯಲ್ಲಿ, ಆರು ಕಡೆ ತಮ್ಮ ಪಿಕಪ್ ಟ್ರಕ್ ನಿಲ್ಲಿಸಿ, ಯಾವ ಕಪ್ಪೆ ಕೂಗುತ್ತಿದೆ ಎಂದು ಬರೆದಿಡುವುದು. ಹಗಲು ಕಂಡ ಹಾವು, ಆಮೆ, ಹಲ್ಲಿಗಳಿಗೆ ಬೇರೆ ಪುಸ್ತಕ. ಇವೆರಡೂ ಗುಂಪಿಗೆ, ಅಂದರೆ ಸರೀಸೃಪ ಮತ್ತು ಉಭಯವಾಸಿಗಳಿಗೆ, ಅಲ್ಲಿನವರು ಒಟ್ಟಿಗೆ ‘ಹರ್ಪ್’ ಎನ್ನುತ್ತಾರೆ. ತೆವಳುವುದು ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು.

ಬರೆಯುವುದಕ್ಕೆ ಒಂದು ಶಿಸ್ತಿದೆ. ಅಮೆರಿಕದಲ್ಲಿ 1998ರಿಂದ ‘ಫ್ರಾಗ್‌ವಾಚ್’ ಎಂಬ ಸ್ವಯಂಸೇವಕರ ಕಾರ್ಯಕ್ರಮ ನಡೆಯುತ್ತಿದೆ. ಮೇಷ್ಟರದ್ದೂ ಅದೇ ಕ್ರಮ. ಸೂರ್ಯ ಮುಳುಗಿ ಅರ್ಧ ಗಂಟೆ ಆಗಿರಬೇಕು. ಎಂಜಿನ್ ಆಫ್ ಮಾಡಿ ಎರಡು ನಿಮಿಷ ಕಾಯಬೇಕು, ನಮ್ಮ ಸದ್ದಿಗೆ ಸುಮ್ಮನಾದ ಕಪ್ಪೆಗಳು ಮತ್ತೆ ಶುರು ಮಾಡಲಿ ಎಂದು. ಆಮೇಲೆ ಸರಿಯಾಗಿ ಮೂರು ನಿಮಿಷ ಕೇಳಬೇಕು. ತಾಪಮಾನ, ಗಾಳಿ, ಮೋಡ ಎಲ್ಲ ಬರೆಯಬೇಕು. ಪ್ರತಿ ಜಾತಿಯ ಮುಂದೆ ಸೊನ್ನೆಯಿಂದ ಮೂರರವರೆಗೆ ಒಂದು ಅಂಕಿ. ಒಂದೊಂದೇ ಕೂಗು ಬಿಡಿಬಿಡಿಯಾಗಿ ಎಣಿಸುವಂತಿದ್ದರೆ 1. ಒಂದರ ಮೇಲೊಂದು ಬಿದ್ದರೂ ಬೇರೆಬೇರೆ ಎಂದು ತಿಳಿದರೆ 2. ಬಿಡುವಿಲ್ಲದ ಮೇಳವಾದರೆ 3. ಎಷ್ಟು ಕಪ್ಪೆ ಎಂದು ಲೆಕ್ಕ ಹಾಕುವ ಗೋಜಿಲ್ಲ. ಕಪ್ಪೆಗಳನ್ನು ತಕ್ಕಡಿಯಲ್ಲಿ ಹಾಕಿ ತೂಗಿದ ಹಾಗೆ ಎಂಬ ನಮ್ಮ ಮಾತಿನ ಅರ್ಥ ನನಗೆ ಆ ಹೊಂಡದ ಪಕ್ಕ ನಿಂತಾಗ ಪೂರ್ತಿ ಆಯಿತು.

ಮೂರು ನಿಮಿಷ ಏನು ಮಹಾ ಎನ್ನಬೇಡಿ. ಇವತ್ತೇ ಮೊಬೈಲ್ ಕೆಳಗಿಟ್ಟು, ಮಾತಾಡದೆ, ಅಲುಗದೆ ನಿಂತು ನೋಡಿ. ಮೊದಲ ದಿನ ನನಗೆ ಅದು ಮೂರು ಪಿರಿಯಡ್ಡಿನಷ್ಟು ಉದ್ದವಾಗಿತ್ತು.

ನಾಲ್ಕನೇ ನಿಲ್ದಾಣದಲ್ಲಿ ಏನೂ ಕೇಳಲಿಲ್ಲ. ನಾನು ಪುಸ್ತಕ ಮುಚ್ಚಿ ಟ್ರಕ್ ಹತ್ತಿದೆ. ಮೇಷ್ಟರು ಹತ್ತಲಿಲ್ಲ. ‘ಏನು ಬರೆದೆ?’ ಎಂದರು. ‘ಏನೂ ಇರಲಿಲ್ಲವಲ್ಲ ಸರ್, ಏನು ಬರೆಯೋದು?’ ಎಂದೆ. ‘ಸೊನ್ನೆ ಬರಿ. ಖಾಲಿ ಬಿಟ್ಟರೆ ನೀನು ಇಲ್ಲಿಗೆ ಬರಲೇ ಇಲ್ಲ ಎಂದು ಅರ್ಥ. ಸೊನ್ನೆ ಬರೆದರೆ ನೀನು ಬಂದಿದ್ದೆ, ಕಪ್ಪೆ ಇರಲಿಲ್ಲ ಎಂದು ಅರ್ಥ.’

ವೋಲ್ಟ್‌ಮೀಟರು ಸೊನ್ನೆ ತೋರಿಸುವುದಕ್ಕೂ ವೋಲ್ಟ್‌ಮೀಟರನ್ನೇ ಜೋಡಿಸದೇ ಇರುವುದಕ್ಕೂ ವ್ಯತ್ಯಾಸವಿದೆ. ಇದನ್ನು ಕಲಿಯಲು ಬಿ.ಇ. ಹುಡುಗ ಹದಿನಾಲ್ಕು ಸಾವಿರ ಕಿಲೊಮೀಟರ್ ಹೋಗಬೇಕಾಯಿತು.

ಎಲ್ಲೆಲ್ಲೂ ಇದ್ದ ಕಪ್ಪೆ

ಸೊನ್ನೆಗೆ ಅಷ್ಟು ಬೆಲೆ ಏಕೆ ಎಂಬುದಕ್ಕೆ ಮೇಷ್ಟರು ಕ್ರಿಕೆಟ್ ಕಪ್ಪೆಯ ಕತೆ ಹೇಳಿದರು. ಎರಡು ಬೆಣಚುಕಲ್ಲು ಕುಟ್ಟಿದಂತೆ ಟಿಕ್ ಟಿಕ್ ಎನ್ನುವ ಪುಟ್ಟ ಕಪ್ಪೆ. ಅಮೆರಿಕದ ಮಧ್ಯಪಶ್ಚಿಮ ರಾಜ್ಯಗಳಲ್ಲಿ ಅದು ಕೆರೆ ದಂಡೆಯ ಅತಿ ಸಾಮಾನ್ಯ ಕಪ್ಪೆಯಾಗಿತ್ತು. 1970ರ ದಶಕದಿಂದ ಉತ್ತರ ಇಲಿನಾಯ್, ವಿಸ್ಕಾನ್ಸಿನ್, ಮಿನೆಸೋಟ, ಮಿಷಿಗನ್ ಕಡೆ ಅದು ಕಾಣೆಯಾಗುತ್ತ ಹೋಯಿತು. ಅಪರೂಪದ ಪ್ರಾಣಿ ಕಂಡರೆ ಎಲ್ಲರೂ ಬರೆದಿಡುತ್ತಾರೆ, ಸಾಮಾನ್ಯದ್ದನ್ನು ಯಾರು ಬರೆಯುತ್ತಾರೆ? ಬರೆಯದೇ ಇದ್ದರೆ ಅದು ಯಾವಾಗ ಹೋಯಿತು ಎಂದು ಹೇಳುವವರು ಯಾರು?

ಬರೆದಿಟ್ಟದ್ದರಿಂದ ಏನಾಗುತ್ತದೆ ಎಂಬುದಕ್ಕೂ ಅದೇ ಸೀಮೆಯ ಉದಾಹರಣೆ ಇದೆ. 1995ರ ಆಗಸ್ಟ್‌ನಲ್ಲಿ ಮಿನೆಸೋಟದ ಹೆಂಡರ್ಸನ್ ಎಂಬ ಊರಿನ ಹತ್ತಿರ ಶಾಲಾ ಮಕ್ಕಳ ಗುಂಪೊಂದು ಹೊಂಡದ ಬಳಿ ಕಪ್ಪೆ ಹಿಡಿಯಲು ಹೋಯಿತು. ಸಿಕ್ಕ ಕಪ್ಪೆಗಳಲ್ಲಿ ಬಹಳಷ್ಟಕ್ಕೆ ಕಾಲು ಹೆಚ್ಚು, ಇಲ್ಲವೇ ಕಡಿಮೆ, ಇಲ್ಲವೇ ಸೊಟ್ಟ. ಮಕ್ಕಳು ಎಣಿಸಿ, ಬರೆದು, ಸರ್ಕಾರದ ಇಲಾಖೆಗೆ ತಿಳಿಸಿದರು. ಅಲ್ಲಿಂದ ದೇಶದಾದ್ಯಂತ ಸಂಶೋಧನೆ ಶುರುವಾಯಿತು. ಗೊದಮೊಟ್ಟೆಯ ಕಾಲು ಬೆಳೆಯುವ ಜಾಗವನ್ನು ಹೊಕ್ಕುವ ಒಂದು ಪರಾವಲಂಬಿ ಹುಳು ಇದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ಎಂದು ಆಮೇಲೆ ಗೊತ್ತಾಯಿತು. ಶುರು ಮಾಡಿದವರು ಮಾತ್ರ ಶಾಲಾ ಮಕ್ಕಳು.

ಇವತ್ತು ಜಗತ್ತಿನ ಉಭಯವಾಸಿಗಳಲ್ಲಿ ಶೇ 41ರಷ್ಟು ಜಾತಿಗಳು ಅಳಿವಿನ ಅಪಾಯದಲ್ಲಿವೆ ಎಂದು 2023ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆ ಹೇಳಿದೆ. ಅಂಥ ಅಂಕಿಯ ಬುಡದಲ್ಲಿ ಎಲ್ಲೋ ಒಂದು ಕಡೆ, ಟಾರ್ಚ್ ಹಿಡಿದು ಹೊಂಡದ ಪಕ್ಕ ನಿಂತ ಯಾರೋ ಇರುತ್ತಾರೆ.

ಹಾವಿಗಾಗಿ ಮುಚ್ಚುವ ರಸ್ತೆ

ಹಾವಿನ ವಿಷಯ ಮನೆಯಲ್ಲಿ ಎತ್ತುವಂತಿರಲಿಲ್ಲ. ‘ಬಾಣಂತಿ ಮನೆ ಕಣೋ, ಸಂಜೆ ಹೊತ್ತು ಹುಳದ ಹೆಸರು ತೆಗೀಬೇಡ’ ಎಂದು ಅಮ್ಮ ಗದರುತ್ತಿದ್ದಳು. ಮಾರ್ಚ್ ಮೂರನೇ ವಾರ ಒಂದು ಮಧ್ಯಾಹ್ನ, ‘ಸುಮ್ಮನೆ ತಿರುಗಾಡಲು’ ಎಂದು ಸುಳ್ಳು ಹೇಳಿ ಮೇಷ್ಟರ ಜೊತೆ ಹೊರಟೆ.

ಅದೇ ಕೌಂಟಿಯ ಷಾನಿ ರಾಷ್ಟ್ರೀಯ ಅರಣ್ಯದಲ್ಲಿ ಲಾರೂ ರಸ್ತೆ ಎಂಬ ಒಂದು ಜಲ್ಲಿ ರಸ್ತೆ ಇದೆ. ಒಂದು ಕಡೆ ಸುಣ್ಣಕಲ್ಲಿನ ಕಡಿದಾದ ಬಂಡೆ, ಇನ್ನೊಂದು ಕಡೆ ಜೌಗು. ಚಳಿಗಾಲವನ್ನು ಬಂಡೆಯ ಬಿರುಕುಗಳಲ್ಲಿ ಕಳೆಯುವ ಹಾವುಗಳು ವಸಂತದಲ್ಲಿ ರಸ್ತೆ ದಾಟಿ ಜೌಗಿಗೆ ಇಳಿಯುತ್ತವೆ, ಚಳಿ ಶುರುವಾಗುವಾಗ ಮತ್ತೆ ಬಂಡೆಗೆ ಮರಳುತ್ತವೆ. ಅವು ಗಾಡಿಗೆ ಸಿಕ್ಕಿ ಸಾಯಬಾರದೆಂದು ಅರಣ್ಯ ಇಲಾಖೆ ವರ್ಷಕ್ಕೆ ಎರಡು ಬಾರಿ, ಮಾರ್ಚ್ 15ರಿಂದ ಮೇ 15ರವರೆಗೆ ಮತ್ತು ಸೆಪ್ಟೆಂಬರ್ 1ರಿಂದ ಅಕ್ಟೋಬರ್ 30ರವರೆಗೆ, ಸುಮಾರು ಎರಡೂವರೆ ಮೈಲಿ ರಸ್ತೆಯನ್ನು ವಾಹನಗಳಿಗೆ ಮುಚ್ಚುತ್ತದೆ. 1972ರಿಂದ ಇದು ನಡೆದು ಬಂದಿದೆ. ನಡೆದು ಹೋಗಬಹುದು, ನೋಡಬಹುದು, ಫೋಟೊ ತೆಗೆಯಬಹುದು. ಹಿಡಿಯುವಂತಿಲ್ಲ. ಜನ ಇದಕ್ಕೆ ‘ಸ್ನೇಕ್ ರೋಡ್’ ಎಂದೇ ಕರೆಯುತ್ತಾರೆ.

ಅವತ್ತು ಒಳ್ಳೆಯ ಬಿಸಿಲಿತ್ತು. ಒಂದೂವರೆ ಗಂಟೆಯಲ್ಲಿ ಏಳು ಹಾವು ಕಂಡವು, ಅದರಲ್ಲಿ ಐದು ಕಾಟನ್‌ಮೌತ್. ಕುಳಿಮಂಡಲದ ಜಾತಿ, ವಿಷದ್ದು. ಹತ್ತಿರ ಹೋದರೆ ಓಡುವ ಬದಲು ಸುರುಳಿ ಸುತ್ತಿ ಬಾಯಿ ತೆರೆದು ಕೂರುತ್ತದೆ. ಬಾಯೊಳಗೆ ಹತ್ತಿಯಂತೆ ಬೆಳ್ಳಗೆ, ಹೆಸರು ಬಂದದ್ದೇ ಅದರಿಂದ. ಅದು ನಮ್ಮನ್ನು ಅಟ್ಟಿಸಿಕೊಂಡು ಬರಲಿಲ್ಲ. ‘ನಾನಿಲ್ಲಿದ್ದೇನೆ, ದೂರ ಹೋಗು’ ಎಂದು ಬೋರ್ಡು ಹಾಕಿಕೊಂಡಂತೆ ಕುಳಿತಿತ್ತು ಅಷ್ಟೇ. ಅಲ್ಲಿಯ ನೀರೊಳ್ಳೆಗಳಿಗೆ ವಿಷವಿಲ್ಲ, ಆದರೆ ಕಾಟನ್‌ಮೌತ್ ಎಂದೇ ತಿಳಿದು ಜನ ಅವನ್ನೂ ಕೊಲ್ಲುತ್ತಾರಂತೆ. ನಮ್ಮೂರಲ್ಲಿ ಕೇರೆಹಾವಿಗೆ ಆಗುವ ಗತಿಯೇ.

ಒಂದು ಫೋಟೊ ತೆಗೆದು, ಜಾಗದ ಹೆಸರು ಸಮೇತ ಇನ್‌ಸ್ಟಾಗ್ರಾಮಿಗೆ ಹಾಕಲು ಹೋದೆ. ಮೇಷ್ಟರು ತಡೆದರು. ಸ್ನೇಕ್ ರೋಡ್ ಎಲ್ಲರಿಗೂ ಗೊತ್ತಿರುವ ಜಾಗ, ಚಿಂತೆಯಿಲ್ಲ, ಆದರೆ ಆ ಅಭ್ಯಾಸ ಒಳ್ಳೆಯದಲ್ಲ ಎಂದರು. ಟಿಂಬರ್ ರ್‍ಯಾಟಲ್‌ಸ್ನೇಕ್‌ನಂಥ ಹಾವು ವರ್ಷವರ್ಷವೂ ಅದೇ ಬಿರುಕಿಗೆ ಮರಳುತ್ತದೆ. ಜಾಗ ಗೊತ್ತಾದರೆ ಹಿಡಿದು ಮಾರುವವರೂ ಬರುತ್ತಾರೆ, ಹೊಡೆಯುವವರೂ ಬರುತ್ತಾರೆ. ಇಲಿನಾಯ್‌ನಲ್ಲಿ ಅದು ಅಪಾಯದ ಪಟ್ಟಿಯಲ್ಲಿರುವ ಜಾತಿ. ಅದಕ್ಕೇ 2013ರಲ್ಲಿ ಶುರುವಾದ ‘ಹರ್ಪ್‌ಮ್ಯಾಪರ್’ನಲ್ಲಿ ನಿಖರ ಜಾಗ ಸಾರ್ವಜನಿಕರಿಗೆ ಕಾಣುವುದಿಲ್ಲ, ಸಂಶೋಧಕರಿಗೆ ಮಾತ್ರ. ನಾವು ಇಲ್ಲಿ ಬಳಸುವ ‘ಐನ್ಯಾಚುರಲಿಸ್ಟ್’ ಕೂಡ ಅಪಾಯದಲ್ಲಿರುವ ಜಾತಿಗಳ ಜಾಗವನ್ನು ನಕ್ಷೆಯಲ್ಲಿ ಮಸುಕು ಮಾಡಿ ತೋರಿಸುತ್ತದೆ. ದಾಖಲಿಸುವುದು ಬೇರೆ, ಡಂಗುರ ಸಾರುವುದು ಬೇರೆ.

ನನ್ನ ಕೈಗೂ ಒಂದು ಕೆಲಸ

ಸಿಗ್ನಲ್ಸ್ ಆ್ಯಂಡ್ ಸಿಸ್ಟಮ್ಸ್ ಓದುವಾಗ ಇದರಿಂದ ಏನು ಉಪಯೋಗ ಎಂದು ಬೈದುಕೊಂಡಿದ್ದೆ. ಅಲ್ಲಿ ಉತ್ತರ ಸಿಕ್ಕಿತು. ಪ್ರತಿ ನಿಲ್ದಾಣದಲ್ಲೂ ಫೋನಿನಲ್ಲಿ ಮೂರು ನಿಮಿಷ ರೆಕಾರ್ಡ್ ಮಾಡಿ, ಮನೆಗೆ ಬಂದು ಅಡಾಸಿಟಿ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಸ್ಪೆಕ್ಟ್ರೋಗ್ರಾಮ್ ತೆಗೆಯತೊಡಗಿದೆ. ಯಾವ ಕ್ಷಣದಲ್ಲಿ ಯಾವ ಫ್ರೀಕ್ವೆನ್ಸಿ ಎಷ್ಟಿದೆ ಎಂದು ತೋರಿಸುವ ಚಿತ್ರ ಅದು. ಸ್ಪ್ರಿಂಗ್ ಪೀಪರ್ ಸುಮಾರು 3 ಕಿಲೊಹರ್ಟ್ಸ್‌ನಲ್ಲಿ ಚುಕ್ಕಿ ಇಟ್ಟಂತೆ ಕಾಣುತ್ತದೆ. ಕೋರಸ್ ಕಪ್ಪೆ ಬಾಚಣಿಗೆಯ ಹಲ್ಲಿನ ಮೇಲೆ ಉಗುರು ಎಳೆದಂತೆ ಕೂಗುತ್ತದೆ, ಚಿತ್ರದಲ್ಲೂ ಬಾಚಣಿಗೆಯ ಹಲ್ಲುಗಳೇ ಕಾಣುತ್ತವೆ.

ಮೇಷ್ಟರು ಹಿಂದಿನ ವರ್ಷಗಳ ರೆಕಾರ್ಡಿಂಗುಗಳನ್ನೂ ಕೊಟ್ಟರು. ಬೂದು ಮರಗಪ್ಪೆಗಳಲ್ಲಿ ಎರಡು ಜಾತಿ, ಕಣ್ಣಿಗೆ ಒಂದೇ ಥರ. ಒಂದರ ಜೀವಕೋಶದಲ್ಲಿ ಕ್ರೋಮೋಸೋಮುಗಳು ಇನ್ನೊಂದರ ಎರಡು ಪಟ್ಟು. ಹೊರಗಿನಿಂದ ಬೇರೆ ಮಾಡಲು ಇರುವ ಸುಲಭ ಗುರುತು ಕೂಗಿನ ವೇಗ. ಸೆಕೆಂಡಿಗೆ ಎಷ್ಟು ಮಿಡಿತ ಎಂದು ನಾನು ಪರದೆಯ ಮೇಲೆ ಎಣಿಸಿ ತೋರಿಸಿದಾಗ ಮೇಷ್ಟರು ಮಗುವಿನಂತೆ ಖುಷಿಪಟ್ಟರು. ನನಗೂ ಮೊದಲ ಬಾರಿಗೆ ನಾನು ಎಂಜಿನಿಯರ್ ಅನ್ನಿಸಿತು.

ಮಾರ್ಚ್ 26ರ ರಾತ್ರಿ

ಈಗ ಹೇಳಲು ನಾಚಿಕೆಯಾಗುವ ಭಾಗಕ್ಕೆ ಬಂದೆ.

ಕ್ರಾಫಿಶ್ ಕಪ್ಪೆ ಎಂದೊಂದಿದೆ. ಹುಲ್ಲುಗಾವಲಿನಲ್ಲಿ ಸಿಗಡಿ ಜಾತಿಯ ಕ್ರೇಫಿಶ್ ತೋಡಿದ ಬಿಲಗಳಲ್ಲಿ ವಾಸ. ವರ್ಷದಲ್ಲಿ ಕೆಲವೇ ದಿನ, ಮಾರ್ಚಿನ ಬೆಚ್ಚಗಿನ ಮಳೆಯ ನಂತರ, ಹೊಂಡಕ್ಕೆ ಬಂದು ಗೊರಕೆ ಹೊಡೆದಂತೆ ಕೂಗುತ್ತದೆ. ಹುಲ್ಲುಗಾವಲು ಹೊಲವಾದಂತೆಲ್ಲ ಕಡಿಮೆಯಾಗಿದೆ. ಪಕ್ಕದ ಇಂಡಿಯಾನಾ ರಾಜ್ಯದಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿದೆ. ಮೇಷ್ಟರ ಐದನೇ ನಿಲ್ದಾಣದಲ್ಲಿ ಅದು ಖಚಿತವಾಗಿ ಕೇಳಿಸಿ ಹನ್ನೊಂದು ವರ್ಷವಾಗಿತ್ತು. ಪ್ರತಿ ಮಾರ್ಚಿನಲ್ಲೂ ಅಲ್ಲಿ ಅವರು ಮೂರು ನಿಮಿಷಕ್ಕೆ ಬದಲು ಹತ್ತು ನಿಮಿಷ ನಿಲ್ಲುತ್ತಿದ್ದರು. ಬರೆಯುತ್ತಿದ್ದದ್ದು ಮಾತ್ರ ಮೂರು ನಿಮಿಷದ್ದೇ.

ಆ ರಾತ್ರಿ ಮಂಡಿ ನೋವೆಂದು ಅವರು ಟ್ರಕ್ಕಿನಲ್ಲೇ ಕುಳಿತರು, ಕಿಟಕಿ ಏರಿಸಿಕೊಂಡು. ಸಂಜೆ ಮಳೆ ಬಂದು ನಿಂತಿತ್ತು, ತುಸು ಗಾಳಿ ಇತ್ತು. ನಾನೊಬ್ಬನೇ ಬೇಲಿಯ ಹತ್ತಿರ ಹೋಗಿ ನಿಂತೆ. ಎರಡನೇ ನಿಮಿಷದಲ್ಲಿ ದೂರದಿಂದ ಒಂದು ಗೊರಕೆ. ನಿಂತಿತು. ಮತ್ತೆ ಬಂತು. ಎದೆ ಡವಗುಟ್ಟಿತು. ಇದೇ ಅದು ಅಂದುಕೊಂಡೆ. ನಿಜ ಹೇಳಬೇಕೆಂದರೆ, ಇದೇ ಅದಾಗಿರಲಿ ಅಂದುಕೊಂಡೆ. ‘ಕ್ರಾಫಿಶ್ ಕಪ್ಪೆ – 1’ ಎಂದು ಬರೆದೆ.

ಮೇಷ್ಟರು ಟಾರ್ಚ್ ಬೆಳಕಿನಲ್ಲಿ ಓದಿದರು. ತಲೆಯ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ‘ಹನ್ನೊಂದು ವರ್ಷ’ ಎಂದರು, ಅಷ್ಟೇ. ಇಳಿದು ಬಂದು ತಾವೂ ಕೇಳಿದರು, ಆಗ ಏನೂ ಇರಲಿಲ್ಲ. ಇದ್ದು ಸುಮ್ಮನಾಗಿರಬಹುದು ಎಂದುಕೊಂಡು ಹೊರಟೆವು.

ರಾತ್ರಿ ಒಂದೂವರೆಗೆ ರೆಕಾರ್ಡಿಂಗ್ ತೆರೆದೆ. ಕಪ್ಪೆಯ ಕೂಗಾದರೆ ಸ್ಪೆಕ್ಟ್ರೋಗ್ರಾಮಿನಲ್ಲಿ ಮಸುಕು ಕಲೆಗಳಂತೆ ಕಾಣಬೇಕು, ಶುರುವಿದ್ದು ಕೊನೆಯಿರಬೇಕು. ನನ್ನ ಪರದೆಯ ಮೇಲೆ ಇದ್ದದ್ದು ಸ್ಕೇಲ್ ಇಟ್ಟು ಎಳೆದಂಥ ಗೆರೆಗಳು. 120 ಹರ್ಟ್ಸ್, 240 ಹರ್ಟ್ಸ್, 360 ಹರ್ಟ್ಸ್. ಅಮೆರಿಕದ ಕರೆಂಟು 60 ಹರ್ಟ್ಸ್. ಅಲ್ಲಿ ಮೋಟರು, ಟ್ರಾನ್ಸ್‌ಫಾರ್ಮರುಗಳ ಗುಂಯ್ಗುಡಿತ ಅದರ ಎರಡರಷ್ಟು, ಅಂದರೆ 120ರಲ್ಲಿ ಬರುತ್ತದೆ. ನಮ್ಮಲ್ಲಿ 50 ಇರುವುದರಿಂದ ಅದೇ 100 ಆಗುತ್ತದೆ. ಪ್ರಕೃತಿಯಲ್ಲಿ ಯಾವ ಕಪ್ಪೆಯೂ ವಿದ್ಯುತ್ ಮಂಡಳಿಯ ಫ್ರೀಕ್ವೆನ್ಸಿಗೆ ಸರಿಯಾಗಿ ಕೂಗುವುದಿಲ್ಲ. ಹೊಲದ ಆಚೆ ಒಂದು ಹಣ್ಣಿನ ಶೆಡ್ ಇತ್ತು, ಅದರಲ್ಲಿ ಕೋಲ್ಡ್ ಸ್ಟೋರೇಜ್. ಕಂಪ್ರೆಸರಿನ ಸದ್ದು ಗಾಳಿ ಬೀಸಿದಾಗ ಬಂದು, ನಿಂತಾಗ ಹೋಗುತ್ತಿತ್ತು.

ಲ್ಯಾಪ್‌ಟಾಪ್ ಮುಚ್ಚಿದೆ. ಒಂದು ಅಂಕಿ ತಾನೇ? ಯಾರಿಗೆ ಗೊತ್ತಾಗುತ್ತದೆ? ಇನ್ನೆರಡು ವಾರಕ್ಕೆ ನಾನು ಹೊರಡುವವನು. ಅವರಿಗೂ ಸಂತೋಷವಾಗಿದೆ. ಎರಡೂವರೆ ವರ್ಷ ನೂರಾರು ಸುಳ್ಳು ಅಂಕಿ ಬರೆದವನಿಗೆ ಇದೊಂದು ಭಾರವೇ?

ಪಾಪುವಿಗೆ ಹಾಲು ಕೊಡಲು ಎದ್ದಿದ್ದ ಅಕ್ಕ ಹಾಲ್‌ನಲ್ಲಿ ದೀಪ ನೋಡಿ ಬಂದಳು. ‘ಇನ್ನೂ ಮಲಗಿಲ್ವೇನೋ?’ ಎಲ್ಲ ಹೇಳಿದೆ. ಅವಳು ಪಾಪುವಿನ ಬೆನ್ನು ತಟ್ಟುತ್ತಾ ಕೇಳಿಸಿಕೊಂಡಳು. ಆಮೇಲೆ, ‘ಬಿಟ್ಟುಬಿಡು, ಅವರು ಖುಷಿಯಾಗಿರಲಿ ಅಂತ ಸುಮ್ಮನಾದೆ ಅಂದ್ಕೋ. ಮುಂದಿನ ವರ್ಷ ನೀನಿರಲ್ಲ. ಆ ಮಂಡಿ ಇಟ್ಕೊಂಡು ಅವರೊಬ್ಬರೇ ಅಲ್ಲಿ ಹೋಗಿ ನಿಂತು ಕಾಯ್ತಾರಲ್ಲೋ, ಆ ಮೋಟರಿಗೆ’ ಎಂದಳು.

ಬೆಳಗ್ಗೆ ಏಳಕ್ಕೇ ಹೋಗಿ ಅವರ ಬಾಗಿಲು ತಟ್ಟಿದೆ.

ಮೇಷ್ಟರು ಹೆಡ್‌ಫೋನ್ ಹಾಕಿಕೊಂಡು ಎರಡು ಸಲ ಕೇಳಿದರು. ಗೆರೆಗಳನ್ನು ನೋಡಿದರು. 120 ಏಕೆ ಎಂದು ಕೇಳಿದರು, ವಿವರಿಸಿದೆ. ಬೈಯಲಿಲ್ಲ, ಪರವಾಗಿಲ್ಲ ಎನ್ನಲೂ ಇಲ್ಲ. ಎದ್ದು ಹೋಗಿ ಮೂರು ವರ್ಷ ಹಿಂದಿನ ಪುಸ್ತಕ ತಂದು ಒಂದು ಪುಟ ತೆಗೆದರು. ಅದೇ ಐದನೇ ನಿಲ್ದಾಣ. ಅವರದೇ ಕೈಬರಹದಲ್ಲಿ ‘1?’ ಎಂದಿತ್ತು. ‘ನಾನೂ ಕೇಳಿದ್ದೆ. ನನ್ನ ಹತ್ತಿರ ಇದು ಇರಲಿಲ್ಲ’ ಎಂದು ಲ್ಯಾಪ್‌ಟಾಪ್ ಕಡೆ ಬೆರಳು ತೋರಿಸಿದರು. ಆ ಪ್ರಶ್ನಾರ್ಥಕ ಚಿಹ್ನೆಯನ್ನು ಹಾಗೇ ಬಿಟ್ಟರು.

ಆಮೇಲೆ ಹಿಂದಿನ ರಾತ್ರಿಯ ಪುಟ ನನ್ನ ಮುಂದಿಟ್ಟರು. ನಾನು ವೈಟ್ನರ್ ಇದೆಯೇ ಎಂದು ಕೇಳಿದೆ. ‘ಅಳಿಸಬೇಡ. ಒಂದೇ ಗೆರೆ ಎಳಿ. ಮೊದಲು ಏನು ಬರೆದಿದ್ದೆ ಎಂದು ಓದಲು ಬರುವಂತಿರಲಿ. ಪಕ್ಕದಲ್ಲಿ ಸರಿಯಾದದ್ದು, ಕಾರಣ, ತಾರೀಕು, ಸಹಿ’ ಎಂದರು. ಗೆರೆ ಎಳೆದೆ. 0 ಎಂದು ಬರೆದೆ. ‘ಕಂಪ್ರೆಸರ್ ಸದ್ದು’ ಎಂದು ಬರೆದೆ. ಕೈ ನಡುಗುತ್ತಿತ್ತು.

ಆ ಸಂಜೆ ಅವರೇ ಬಂದು ಕರೆದರು. ಐದನೇ ನಿಲ್ದಾಣದಲ್ಲಿ ಇಬ್ಬರೂ ಇಳಿದು ನಿಂತೆವು. ಗಾಳಿ ಇರಲಿಲ್ಲ. ಮೂರು ನಿಮಿಷ. ಸೊನ್ನೆ. ಅವರೇ ಬರೆದರು.

ವಾಪಸು ಬಂದ ಮೇಲೆ

ಊರಿಗೆ ಬಂದ ಮೊದಲ ವಾರವೇ ಲ್ಯಾಬ್ ಇತ್ತು. ಫಿಲ್ಟರ್ ಸರ್ಕ್ಯೂಟ್. ಕಟ್‌ಆಫ್ ಫ್ರೀಕ್ವೆನ್ಸಿ ಲೆಕ್ಕದಲ್ಲಿ ಬಂದದ್ದೊಂದು, ಸಿಆರ್‌ಒ ಮೇಲೆ ಕಂಡದ್ದೊಂದು. ಕಂಡದ್ದನ್ನೇ ಬರೆದೆ. ವೈವಾದಲ್ಲಿ ‘ಇದು ತಪ್ಪಲ್ವಾ?’ ಎಂದು ಕೇಳಿದರು. ‘ಹೌದು ಸರ್, ಆದರೆ ಬಂದಿದ್ದು ಇದೇ’ ಎಂದೆ. ಎರಡು ಅಂಕ ಹೋಯಿತು. ಆಮೇಲೆ ಕೂತು ಹುಡುಕಿದಾಗ ಕೆಪಾಸಿಟರಿನ ಮೇಲೆ ಬರೆದ ಬೆಲೆಗೂ ಅಳೆದ ಬೆಲೆಗೂ ಬಹಳ ವ್ಯತ್ಯಾಸವಿತ್ತು. ರೆಕಾರ್ಡ್ ನೋಡಿ ಟೇಬಲ್ ತುಂಬಿದ್ದರೆ ಆ ಕೆಪಾಸಿಟರ್ ಇನ್ನೂ ಡಬ್ಬಿಯಲ್ಲೇ ಇದ್ದು ಮುಂದಿನ ಬ್ಯಾಚಿಗೂ ಹೋಗುತ್ತಿತ್ತು.

ಬರೆದಿಡುವ ಕೆಲಸಕ್ಕೆ ನಮ್ಮಲ್ಲಿ ಜಾಗ ಕಡಿಮೆಯೇನಲ್ಲ. ಉತ್ತರ ಕನ್ನಡದ ತೊರೆಗಳಲ್ಲಿ ತನ್ನ ಮೊಟ್ಟೆಗಳಿಗೆ ಕೈಯಾರೆ ಮಣ್ಣು ಮೆತ್ತುವ ಕುಂಬಾರ ಕಪ್ಪೆಗೆ ವಿಜ್ಞಾನದಲ್ಲಿ ಹೆಸರು ಸಿಕ್ಕಿದ್ದು 2014ರಲ್ಲಿ. ಬೆಂಗಳೂರಿನ ಹೆಸರನ್ನೇ ಹೊತ್ತ ಬಿಲಗಪ್ಪೆ ನಗರದ ಹೊರವಲಯದಲ್ಲಿ ಸಿಕ್ಕಿ 2020ರಲ್ಲಿ ಪ್ರಕಟವಾಯಿತು. ಇನ್ನು ಹಾವಿನ ವಿಷಯ. ನಮ್ಮ ದೇಶದಲ್ಲಿ ಹಾವು ಕಚ್ಚಿ ವರ್ಷಕ್ಕೆ ಸರಾಸರಿ 58 ಸಾವಿರ ಜನ ಸಾಯುತ್ತಾರೆಂದು 2020ರ ಅಧ್ಯಯನವೊಂದು ಅಂದಾಜು ಮಾಡಿತು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ಲೆಕ್ಕವೇ ಇಲ್ಲದಿದ್ದರೆ ಔಷಧ ಯಾವ ಊರಿಗೆ ಎಷ್ಟು ಕಳಿಸುವುದು?

ನಿಮಗೂ ಆಸಕ್ತಿ ಇದ್ದರೆ ಕಷ್ಟವೇನಿಲ್ಲ. ಐನ್ಯಾಚುರಲಿಸ್ಟ್ ಉಚಿತ. ಕಂಡದ್ದರ ಫೋಟೊ, ಕೇಳಿದ್ದರ ಧ್ವನಿ ಹಾಕಿದರೆ ಗೊತ್ತಿರುವವರು ಜಾತಿ ಗುರುತಿಸಿ ಹೇಳುತ್ತಾರೆ. ಹಾವನ್ನು ಮುಟ್ಟಬೇಡಿ, ಸೆಲ್ಫಿಗೆ ಹೋಗಬೇಡಿ. ಕಲ್ಲು ಎತ್ತಿದರೆ ಇದ್ದ ಹಾಗೇ ಇಡಿ. ರಸ್ತೆಯಲ್ಲಿ ಸತ್ತು ಬಿದ್ದದ್ದನ್ನೂ ದಾಖಲಿಸಿ, ಎಲ್ಲಿ ದಾಟುತ್ತವೆ ಎಂದು ತಿಳಿಯುವುದೇ ಅದರಿಂದ. ಗೊತ್ತಿಲ್ಲದಿದ್ದರೆ ‘ಕಪ್ಪೆ’ ಎಂದಷ್ಟೇ ಬರೆಯಿರಿ, ಊಹೆ ಬೇಡ. ಇ ಆ್ಯಂಡ್ ಸಿ, ಕಂಪ್ಯೂಟರ್ ಸೈನ್ಸ್‌ನವರಿಗೆ ಒಂದು ಕಿವಿಮಾತು: ಅಂಗೈಯಗಲದ ‘ಆಡಿಯೊಮಾತ್’ ಎಂಬ ಧ್ವನಿಮುದ್ರಕದ ವಿನ್ಯಾಸ ಎಲ್ಲರಿಗೂ ಮುಕ್ತವಾಗಿದೆ. ಅಂಥದ್ದೊಂದನ್ನು ಕೆರೆ ದಂಡೆಯಲ್ಲಿಟ್ಟು ಕಪ್ಪೆಯ ಕೂಗನ್ನು ತಾನಾಗಿಯೇ ಗುರುತಿಸುವ ಪ್ರೋಗ್ರಾಂ ಬರೆಯುವುದು ಫೈನಲ್ ಇಯರ್ ಪ್ರಾಜೆಕ್ಟಿಗೆ ಸಾಕಷ್ಟಾಯಿತು. ಅದನ್ನು ದುಡ್ಡು ಕೊಟ್ಟು ಕೊಂಡುಕೊಳ್ಳುವ ಪ್ರಾಜೆಕ್ಟುಗಳ ಅಂಗಡಿಯಲ್ಲಿ ನೋಡಿಲ್ಲ.

ನಾನು ನಮ್ಮೂರಿನ ದಾರಿಯಲ್ಲಿ ಆರು ನಿಲ್ದಾಣ ಗುರುತು ಮಾಡಿಕೊಂಡಿದ್ದೇನೆ. ಊರ ಕೆರೆಯ ಕೋಡಿ, ಎರಡು ಕೃಷಿಹೊಂಡ, ಒಂದು ಗದ್ದೆ ಬಯಲು, ನಮ್ಮ ತೋಟದ ಬಸಿಗಾಲುವೆ, ಶಾಲೆಯ ಹಿಂದಿನ ಗುಂಡಿ. ರಾತ್ರಿ ಬೇಲಿ ಪಕ್ಕ ಮಾತಿಲ್ಲದೆ ನಿಂತ ನನ್ನನ್ನು ನೋಡಿ ಅಪ್ಪ, ‘ಇವನಿಗೇನಾಯ್ತೇ?’ ಎಂದು ಅಮ್ಮನನ್ನು ಫೋನಿನಲ್ಲಿ ಕೇಳಿದರಂತೆ. ಅಮ್ಮ ಇನ್ನೂ ಅಲ್ಲೇ ಇದ್ದಾಳೆ. ‘ಮೇಷ್ಟ್ರು ಹತ್ರ ಕಲ್ತಿದ್ದು’ ಎಂದಳಂತೆ.

ಮೊದಲ ರಾತ್ರಿ ಆರೂ ಕಡೆ ನಿಂತೆ. ಏಪ್ರಿಲ್ ಕೊನೆ, ಒಣ ಬಿಸಿಲು, ಕೆರೆಯಲ್ಲಿ ಅರ್ಧ ನೀರು. ಆರಕ್ಕೆ ಆರೂ ಸೊನ್ನೆ. ಬರೆದಿಟ್ಟಿದ್ದೇನೆ. ಮುಂಗಾರು ಬರಲಿ.